ಮಗು ಹೇಳಿದಾಗ ಕೇಳುವ ಕಿವಿ ಇರಲಿ

ವಿಜಯನಗರದ ಒಂದು ವಠಾರ ಎಂದಿಟ್ಟುಕೊಳ್ಳೋಣ. ಎಂಟು ವರ್ಷದ ಹುಡುಗಿಗೆ ಸಂಜೆಯಾದರೆ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿದರೆ ದೋಷವೇನೂ ಕಾಣದು. ಭಾನುವಾರ ಮಾತ್ರ ನೋವಿಲ್ಲ. "ಅಮ್ಮಾ, ಇವತ್ತು ಟ್ಯೂಷನ್‌ಗೆ ಹೋಗಲ್ಲ" ಎಂದರೆ, "ನೆಪ ಹೇಳಬೇಡ, ಫೀಸು ಕಟ್ಟಿದ್ದೀವಿ" ಎಂಬ ಉತ್ತರ. ಭಾನುವಾರ ಟ್ಯೂಷನ್ ಇರುವುದಿಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಮಕ್ಕಳ ಹೊಟ್ಟೆನೋವಿಗೆಲ್ಲ ದೌರ್ಜನ್ಯವೇ ಕಾರಣವಲ್ಲ. ಆದರೂ ಇಂಥ ಸಂದರ್ಭದಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ವಿಚಾರಿಸುವುದು ಅಗತ್ಯ.

ಅಪರಿಚಿತರಷ್ಟೇ ಅಲ್ಲ

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ 13 ರಾಜ್ಯಗಳ 12,447 ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿತು. ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದುದಾಗಿ ತಿಳಿಸಿದ್ದರು. ಹೀಗೆ ತಿಳಿಸಿದವರಲ್ಲಿ ಗಂಡುಮಕ್ಕಳು ಅರ್ಧಕ್ಕಿಂತ ತುಸು ಹೆಚ್ಚೇ ಇದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು. ಬಹುಪಾಲು ಮಕ್ಕಳು ಇದನ್ನು ಯಾರಿಗೂ ಹೇಳಿರಲಿಲ್ಲ. ಆದ್ದರಿಂದ "ಗೊತ್ತಿಲ್ಲದವರ ಜೊತೆ ಹೋಗಬೇಡ" ಎಂಬ ಒಂದೇ ಬುದ್ಧಿಮಾತು ಸಾಲದು.

ಲಕ್ಷಣಗಳು

ಕಾರಣವಿಲ್ಲದ ಭಯ, ನಿದ್ದೆಯಲ್ಲಿ ಬೆಚ್ಚುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಮುದುಡಿಕೊಳ್ಳುವುದು, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು, ಮೂತ್ರ ವಿಸರ್ಜಿಸುವಾಗ ನೋವು. ಇವುಗಳಿಗೆ ಬೇರೆ ಕಾರಣಗಳೂ ಇರಬಹುದು, ಆದರೆ ಅಲಕ್ಷಿಸಬಾರದು.

ಬೀದಿಯೇ ಪಾಠಶಾಲೆ

ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆಯೇ ಹೊರಡುವ ತಂದೆ-ತಾಯಂದಿರ ಮಕ್ಕಳನ್ನು ಸಂಜೆಯವರೆಗೆ ಕಾಯುವುದು ನೆರೆಹೊರೆ. ಆದ್ದರಿಂದ ತಿಳಿವಳಿಕೆಯೂ ನೆರೆಹೊರೆಗೇ ಬೇಕು. ಬಸವೇಶ್ವರನಗರದ ಶಾಲೆಯ ಪೋಷಕರ ಸಭೆ, ಕೆಂಗೇರಿಯ ಅಂಗನವಾಡಿ, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಬೀದಿಯ ಗಣೇಶೋತ್ಸವ ಸಮಿತಿ - ಎಲ್ಲಿ ಬೇಕಾದರೂ ಒಂದು ಗಂಟೆ ಇದಕ್ಕೆ ಮೀಸಲಿಡಬಹುದು. ತಂದೆಯಂದಿರೂ ಬರಬೇಕು. ಸ್ತ್ರೀರೋಗ ತಜ್ಞೆಯರಾದ ಡಾ. ಸಂಗೀತಾ ಸಕ್ಸೇನಾ ಮತ್ತು ಡಾ. ಶೈಬ್ಯಾ ಸಲ್ಡಾನ್ಹಾ 2001ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಎನ್‌ಫೋಲ್ಡ್ ಸಂಸ್ಥೆ, ಮಕ್ಕಳ ಜೊತೆಗೆ ಪೋಷಕರಿಗೂ ಶಿಕ್ಷಕರಿಗೂ ಇಂಥ ಶಿಕ್ಷಣ ನೀಡುತ್ತಾ ಬಂದಿದೆ.

ಮಕ್ಕಳಿಗೆ ಕಲಿಸಬೇಕಾದುದು ಇಷ್ಟು: ದೇಹದ ಎಲ್ಲ ಅಂಗಗಳ ಹೆಸರು, ಒಳಉಡುಪು ಮುಚ್ಚುವ ಭಾಗಗಳನ್ನು, ಶುಚಿ ಮಾಡಲು ಅಥವಾ ಅಮ್ಮ-ಅಪ್ಪನ ಎದುರು ವೈದ್ಯರು ಪರೀಕ್ಷಿಸಲು ಹೊರತು, ಯಾರೂ ಮುಟ್ಟಬಾರದು, ಮುಟ್ಟಿದ್ದನ್ನು ಗುಟ್ಟಾಗಿಡು ಎಂದವರ ಮಾತು ಕೇಳಬೇಕಿಲ್ಲ. "ಮಾಮನಿಗೆ ಮುತ್ತು ಕೊಡು" ಎಂದು ಒಲ್ಲದ ಮಗುವನ್ನು ಬಲವಂತ ಮಾಡಬೇಡಿ. ಬೇಡ ಎನ್ನುವ ಹಕ್ಕು ಮನೆಯಲ್ಲೇ ಸಿಗದಿದ್ದರೆ ಹೊರಗೆ ಅದು ಬಾಯಿ ಬಿಡುವುದು ಹೇಗೆ? ಅಷ್ಟಾದರೂ ರಕ್ಷಣೆಯ ಹೊಣೆ ಹಿರಿಯರದೇ, ಮಗುವಿನದಲ್ಲ. ಭಯದಿಂದ ಸುಮ್ಮನಿದ್ದ ಮಗುವಿನದು ತಪ್ಪಲ್ಲ.

ಮಗು ಹೇಳಿಕೊಂಡರೆ

ಗಾಬರಿ ತೋರಿಸಬೇಡಿ, ಗದರಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ" ಎನ್ನಿ. ಮತ್ತೆ ಮತ್ತೆ ಪ್ರಶ್ನಿಸಬೇಡಿ. ಆರೋಪಿಯ ಎದುರು ನಿಲ್ಲಿಸಬೇಡಿ. ಘಟನೆ ಇತ್ತೀಚಿನದಾದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿಯಿರಲಿ, ಖಾಸಗಿಯಿರಲಿ, ಉಚಿತವಾಗಿ ಚಿಕಿತ್ಸೆ ನೀಡಬೇಕೆಂದು ಕಾನೂನಿದೆ. ಮನಸ್ಸಿನ ಗಾಯಕ್ಕೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದ ನೆರವು ಪಡೆಯಬಹುದು.

2012ರ ಪೋಕ್ಸೊ ಕಾಯಿದೆ 18 ವರ್ಷದೊಳಗಿನ ಗಂಡು-ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲುಶಿಕ್ಷೆ ಆಗಬಹುದು. ಪೊಲೀಸರು ಸಮವಸ್ತ್ರವಿಲ್ಲದೆ ಮಗುವಿನ ಮನೆಯಲ್ಲೇ ಹೇಳಿಕೆ ಪಡೆಯಬಹುದು. ಹೆಸರು, ವಿಳಾಸ ಪತ್ರಿಕೆಯಲ್ಲಿ ಬರುವಂತಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

"ಮರ್ಯಾದೆ ಹೋಗುತ್ತದೆ, ಸುಮ್ಮನಿರಿ" ಎನ್ನುವ ನೆಂಟರು ಇದ್ದೇ ಇರುತ್ತಾರೆ. ಮರ್ಯಾದೆ ಹೋಗಬೇಕಾದುದು ತಪ್ಪು ಮಾಡಿದವನದು. ಹಿರಿಯರು ಸುಮ್ಮನಾದರೆ ಅವನು ಅದೇ ಬೀದಿಯ ಇನ್ನೊಂದು ಮಗುವಿನ ಬಳಿ ಹೋಗುತ್ತಾನೆ.