ಕಿತ್ತ ಕಸದಿಂದ ಗಿಡಕ್ಕೆ ದ್ರವಗೊಬ್ಬರ



ಮಳೆ ಬಿದ್ದು ನಾಲ್ಕು ದಿನವಾದರೆ ಸಾಕು, ಶಾಲೆಯ ಕೈತೋಟದಲ್ಲಿ ಬದನೆ, ಮೆಣಸಿನ ಗಿಡಗಳಿಗಿಂತ ಮೊದಲು ಕಸ ಎದ್ದು ನಿಲ್ಲುತ್ತದೆ. ಅದನ್ನು ಕಿತ್ತು ಬೇಲಿಯಾಚೆ ಎಸೆಯುತ್ತೇವೆ. ಹಾಗೆ ಎಸೆಯುವಾಗ ತೋಟದ ಆಹಾರವನ್ನೂ ಎಸೆಯುತ್ತಿದ್ದೇವೆ ಎಂಬುದು ನಿಮಗೆ ಗೊತ್ತೇ?

ನಾವು ಕಸ ಎನ್ನುವುದನ್ನು ಪಾಠದ ಪುಸ್ತಕದಲ್ಲಿ 'ಕಳೆ' ಎನ್ನುತ್ತಾರೆ. ಕಳೆಯೂ ಒಂದು ಸಸ್ಯವೇ. ಅದು ಬೆಳೆಯಲು ಮಣ್ಣಿನಿಂದ ಸಾರಜನಕ, ರಂಜಕ, ಪೊಟ್ಯಾಸಿಯಂ ಮುಂತಾದ ಪೋಷಕಾಂಶಗಳನ್ನು ಹೀರಿಕೊಂಡಿರುತ್ತದೆ. ಮಣ್ಣಿನಿಂದ ಪಡೆದದ್ದನ್ನು ಮಣ್ಣಿಗೇ ಹಿಂತಿರುಗಿಸುವ ಸುಲಭ ದಾರಿಗಳಲ್ಲಿ ದ್ರವಗೊಬ್ಬರವೂ ಒಂದು. ಬನ್ನಿ, ಮಾಡಿ ನೋಡೋಣ.

ಬೇಕಾಗುವ ಸಾಮಗ್ರಿಗಳು

ಮುಚ್ಚಳವಿರುವ ಹಳೆಯ ಪ್ಲಾಸ್ಟಿಕ್ ಬಕೆಟ್, 10 ಲೀಟರ್ ನೀರು, 1 ಕೆ.ಜಿ. ಹಸಿ ಕಳೆ ಮತ್ತು ಎಲೆ, ಒಂದು ಉದ್ದನೆಯ ಕೋಲು, ಹಳೆಯ ಬಟ್ಟೆ, ದಾರ.

ಹೂ ಬಿಡುವ ಮೊದಲೇ ಕಿತ್ತ ಎಳೆಯ ಕಳೆ ಉತ್ತಮ. ಬೀಜ ಕಟ್ಟಿದ ಕಳೆಯನ್ನು ಹಾಕಿದರೆ ಬೀಜಗಳು ಮತ್ತೆ ತೋಟ ಸೇರುತ್ತವೆ. ಜೇಕಿನ ಗಡ್ಡೆಯನ್ನೂ ಕತ್ತರಿಸಿ ತೆಗೆಯಿರಿ. ಬೇಲಿಯಲ್ಲಿ ಗ್ಲಿರಿಸೀಡಿಯಾ (ಗೊಬ್ಬರದ ಗಿಡ) ಇದ್ದರೆ ಅದರ ಎಲೆಗಳನ್ನು ಸೇರಿಸಿ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಎಲೆಗಳಲ್ಲಿ ಸಾರಜನಕ ಹೆಚ್ಚು. ಕಬ್ಬಿನ ಒಣ ರವದಿ ಇದಕ್ಕೆ ಬೇಡ. ಅದರಲ್ಲಿ ಸಾರಜನಕ ಕಡಿಮೆ, ಕೊಳೆಯುವುದೂ ನಿಧಾನ. ಆದರೆ ಅದನ್ನು ಸುಡದೆ ಗಿಡದ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ.

ಮಾಡುವ ವಿಧಾನ

1. ಕಳೆ ಮತ್ತು ಎಲೆಗಳನ್ನು ಸಣ್ಣಗೆ ಕತ್ತರಿಸಿ. ಕುಡಗೋಲಿನ ಕೆಲಸವನ್ನು ದೊಡ್ಡವರು ಮಾಡಲಿ.
2. ಬಕೆಟ್‌ಗೆ ಹಾಕಿ ನೀರು ತುಂಬಿಸಿ.
3. ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಮೇಲೆ ಮುಚ್ಚಳವನ್ನು ಸಡಿಲವಾಗಿ ಇಡಿ. ಒಳಗೆ ಅನಿಲ ಉಂಟಾಗುವುದರಿಂದ ಬಿಗಿ ಮುಚ್ಚಳ ಬೇಡ. ಬಟ್ಟೆ ಕಟ್ಟದಿದ್ದರೆ ಸೊಳ್ಳೆಗಳು ಮೊಟ್ಟೆ ಇಡುತ್ತವೆ. ಸೊಳ್ಳೆಯ ಮೊಟ್ಟೆ ಬಲಿತ ಸೊಳ್ಳೆಯಾಗಲು ಸುಮಾರು ಹತ್ತು ದಿನ ಸಾಕು!
4. ತರಗತಿ, ಅಡುಗೆಮನೆ, ಕುಡಿಯುವ ನೀರಿನಿಂದ ದೂರ, ನೆರಳಿನಲ್ಲಿ ಇಡಿ.
5. ದಿನಕ್ಕೊಮ್ಮೆ ಕೋಲಿನಿಂದ ತಿರುವಿ, ಮತ್ತೆ ಬಟ್ಟೆ ಕಟ್ಟಿ.
6. 12 ರಿಂದ 15 ದಿನಗಳ ನಂತರ ಸೋಸಿ. ಉಳಿದ ಗಸಿಯನ್ನು ಗೊಬ್ಬರದ ಗುಂಡಿಗೆ ಹಾಕಿ.

ಬಕೆಟ್‌ನಲ್ಲಿ ಏನು ನಡೆಯಿತು?

ಪೊಟ್ಯಾಸಿಯಂ ಎಲೆಯ ಜೀವಕೋಶಗಳ ರಸದಲ್ಲಿ ಕರಗಿಯೇ ಇರುತ್ತದೆ. ಎಲೆ ಕೊಳೆತರೆ ಅದು ಬೇಗ ನೀರಿಗೆ ಬರುತ್ತದೆ. ಸಾರಜನಕ ಹಾಗಲ್ಲ. ಅದರ ಬಹುಪಾಲು ಪ್ರೋಟೀನಿನ ಭಾಗವಾಗಿರುತ್ತದೆ. ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದಾಗ ಅಮೋನಿಯಾ ಉಂಟಾಗಿ ನೀರಿನಲ್ಲಿ ಕರಗುತ್ತದೆ. ಅದಕ್ಕೇ ಇಷ್ಟು ದಿನ ಕಾಯಬೇಕು. ನೀರಿನಲ್ಲಿ ಆಮ್ಲಜನಕ ಮುಗಿದರೆ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಆಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಬರುತ್ತದೆ. ತಿರುವಿದಾಗ ಗಾಳಿ ಸೇರಿ ವಾಸನೆ ಕಡಿಮೆಯಾಗುತ್ತದೆ.

ನೀರು ಬೆರೆಸಲು ಮರೆಯಬೇಡಿ

ಒಂದು ಲೋಟ ದ್ರವಕ್ಕೆ ಹತ್ತು ಲೋಟ ನೀರು ಬೆರೆಸಿ, 15 ದಿನಕ್ಕೊಮ್ಮೆ ಗಿಡದ ಬುಡಕ್ಕೆ ಹಾಕಿ. ಗಟ್ಟಿ ದ್ರವ ಹಾಕಿದರೆ ಗಿಡ ಬಾಡಬಹುದು. ಏಕೆ? ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿದರೆ ಅದು ನೀರು ಬಿಡುವುದನ್ನು ನೋಡಿದ್ದೀರಲ್ಲವೇ? ಬೇರಿನ ಸುತ್ತ ಲವಣ ಹೆಚ್ಚಾದರೂ ಹೀಗೆಯೇ; ಬೇರು ನೀರು ಹೀರಲಾರದು.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಭಾಗದಲ್ಲಿ ಕೃಷ್ಣಾ ನದಿಯ ಆಸುಪಾಸಿನ ಕೆಲವು ಹೊಲಗಳ ಮೇಲೆ ಬೇಸಿಗೆಯಲ್ಲಿ ಬಿಳಿ ಪದರು ಕಾಣುತ್ತದೆ. ಅದೇ ಸವಳು. ಎರೆಮಣ್ಣಿಗೆ ಅತಿಯಾಗಿ ನೀರು ಹಾಯಿಸಿ, ಹೆಚ್ಚಾದ ನೀರು ಬಸಿದು ಹೋಗದಿದ್ದರೆ ಆಳದ ಲವಣಗಳು ಮೇಲೇರುತ್ತವೆ. ನೀರು ಆವಿಯಾಗಿ ಹೋದರೂ ಲವಣ ಉಳಿಯುತ್ತದೆ. ದ್ರವಗೊಬ್ಬರ ಸವಳಿಗೆ ಔಷಧಿಯಲ್ಲ. ಆದರೆ ನೀರಾಗಲಿ ಗೊಬ್ಬರವಾಗಲಿ, ಹೆಚ್ಚು ಹಾಕಿದಷ್ಟೂ ಒಳ್ಳೆಯದಲ್ಲ ಎಂಬ ಪಾಠವನ್ನು ಆ ಹೊಲಗಳು ಕಲಿಸುತ್ತವೆ.

ಎಚ್ಚರ! ಇವುಗಳನ್ನು ಹಾಕಬೇಡಿ

* ತಂಬಾಕು: ನಿಪ್ಪಾಣಿ ಭಾಗದ ಮಕ್ಕಳಿಗೆ ತಂಬಾಕಿನ ಗಿಡ ಪರಿಚಿತ. ಒದ್ದೆ ಎಲೆಯನ್ನು ಮುಟ್ಟಿದರೆ ನಿಕೋಟಿನ್ ವಿಷ ಚರ್ಮದ ಮೂಲಕ ದೇಹ ಸೇರುತ್ತದೆ. ಇನ್ನೊಂದು ಕಾರಣವೂ ಇದೆ. 1898ರಲ್ಲಿ ನೆದರ್‌ಲ್ಯಾಂಡ್ಸಿನ ವಿಜ್ಞಾನಿ ಬೈಜರಿಂಕ್, ರೋಗ ತಗುಲಿದ ತಂಬಾಕಿನ ರಸವನ್ನು ಬ್ಯಾಕ್ಟೀರಿಯಾಗಳೂ ದಾಟಲಾರದ ಸೋಸಕದಲ್ಲಿ ಸೋಸಿದರೂ ಅದು ರೋಗ ಹರಡುತ್ತದೆ ಎಂದು ತೋರಿಸಿದರು. ಆ ರೋಗಕಾರಕವನ್ನು 'ವೈರಸ್' ಎಂದು ಕರೆದರು. ಈ ವೈರಸ್ ಟೊಮೆಟೊ, ಮೆಣಸಿನ ಗಿಡಗಳಿಗೂ ತಗಲುತ್ತದೆ.
* ಪಾರ್ಥೇನಿಯಂ (ಕಾಂಗ್ರೆಸ್ ಕಸ): ಇದರಿಂದ ಚರ್ಮದ ತುರಿಕೆ, ಉಬ್ಬಸ ಬರಬಹುದು. ಬರಿಗೈಯಲ್ಲಿ ಕೀಳಬೇಡಿ.
* ಕಳೆನಾಶಕ ಸಿಂಪಡಿಸಿದ ಹೊಲದ ಕಳೆ: ಕಬ್ಬಿನ ಹೊಲದಲ್ಲಿ ಬಳಸುವ 2,4-ಡಿ ಅಗಲ ಎಲೆಯ ಸಸ್ಯಗಳನ್ನು ಕೊಲ್ಲುತ್ತದೆ. ಕಬ್ಬು ಹುಲ್ಲಿನ ಜಾತಿಯದಾದ್ದರಿಂದ ಉಳಿಯುತ್ತದೆ. ನಿಮ್ಮ ಟೊಮೆಟೊ, ಬದನೆ ಅಗಲ ಎಲೆಯವು!

ಬಕೆಟ್‌ಗೆ ಏನು ಹಾಕುತ್ತೇವೋ ಅದೇ ತೋಟಕ್ಕೆ ಹೋಗುತ್ತದೆ. ಆಹಾರವೂ ಹೋಗುತ್ತದೆ, ವಿಷವೂ ಹೋಗುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿಯಂಥ ಸೊಪ್ಪಿನ ಮೇಲೆ ಇದನ್ನು ಸುರಿಯಬೇಡಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ನೀವೇ ಪರೀಕ್ಷಿಸಿ

ಈ ಗೊಬ್ಬರದಿಂದ ನಿಜವಾಗಿ ಪ್ರಯೋಜನವಿದೆಯೇ? ನಾವು ಹೇಳಿದೆವೆಂದು ನಂಬಬೇಡಿ, ಅಳೆದು ನೋಡಿ. ಒಂದೇ ಮಣ್ಣು ತುಂಬಿದ ಆರು ಕುಂಡಗಳಲ್ಲಿ ಒಂದೇ ಎತ್ತರದ ಮೆಣಸಿನ ಸಸಿಗಳನ್ನು ನೆಡಿ. ಮೂರಕ್ಕೆ 15 ದಿನಕ್ಕೊಮ್ಮೆ ನೀರು ಬೆರೆಸಿದ ದ್ರವಗೊಬ್ಬರ, ಉಳಿದ ಮೂರಕ್ಕೆ ಆ ದಿನ ಅಷ್ಟೇ ಪ್ರಮಾಣದ ಬರೀ ನೀರು ಕೊಡಿ. ಬಿಸಿಲು, ದಿನದ ನೀರು ಎಲ್ಲಕ್ಕೂ ಸಮನಾಗಿರಲಿ. ಪ್ರತಿ ಸೋಮವಾರ ಎತ್ತರವನ್ನು ಸೆಂ.ಮೀ.ನಲ್ಲಿ ಅಳೆದು, ಎಲೆಗಳನ್ನು ಎಣಿಸಿ ಬರೆದಿಡಿ. ಆರು ವಾರಗಳ ನಂತರ ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಬೇಸರ ಬೇಡ. ಮಣ್ಣಿನಲ್ಲಿ ಮೊದಲೇ ಸಾಕಷ್ಟು ಪೋಷಕಾಂಶ ಇದ್ದಿರಬಹುದು. ಕಂಡದ್ದನ್ನು ಕಂಡಂತೆ ಬರೆಯುವುದೇ ವಿಜ್ಞಾನ.

ಯೋಚಿಸಿ ಉತ್ತರಿಸಿ

1. ಒಂದೊಂದೇ ಕುಂಡದ ಬದಲು ಮೂರು ಮೂರು ಕುಂಡಗಳನ್ನು ಏಕೆ ಇಡಬೇಕು?
2. ಗೊಬ್ಬರ ಹಾಕದ ಕುಂಡಗಳಿಗೂ ಅಷ್ಟೇ ನೀರು ಕೊಡುವುದು ಏಕೆ?
3. ನಿಮ್ಮ ಶಾಲೆಯ ಸುತ್ತ ಬೆಳೆಯುವ ಐದು ಕಳೆಗಳನ್ನು ಗುರುತಿಸಿ. ಅವುಗಳಿಗೆ ನಿಮ್ಮ ಊರಿನಲ್ಲಿ ಏನೆಂದು ಕರೆಯುತ್ತಾರೆ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.