ಸನ್ನದಿನ ಹಣ ಯಾರ ಕಿಸೆಯದು?

ಅಬಕಾರಿ ಸನ್ನದಿಗಾಗಿ ವರ್ಷವರ್ಷವೂ ತೆರುವ ಹಣವನ್ನು ನಮ್ಮ ಸಣ್ಣ ವ್ಯಾಪಾರಿಗಳು ತೆರಿಗೆಯ ಒಂದು ಪ್ರಭೇದವೆಂದೇ ಭಾವಿಸುವರಾದರೂ, ಅದು ತೆರಿಗೆಯೂ ಅಲ್ಲ, ಸೇವೆಗೆ ಪ್ರತಿಯಾದ ಶುಲ್ಕವೂ ಅಲ್ಲ, ಸರ್ಕಾರವು ತನಗೆ ಮೀಸಲಾದ ಹಕ್ಕೊಂದನ್ನು ಬಿಟ್ಟುಕೊಡುವುದಕ್ಕೆ ಪಡೆಯುವ ಬೆಲೆಯೆಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಹರಶಂಕರ್ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಮಾರಾಟದ ಮೇಲಣ ತೆರಿಗೆಯು ಮಾರಾಟವನ್ನು ಹಿಂಬಾಲಿಸಿ ಬರುವುದು; ಈ ಬೆಲೆಯಾದರೋ, ಒಂದು ಬಾಟಲಿಯೂ ಮಾರಾಟವಾಗುವ ಮೊದಲೇ ಕಿಸೆಯಿಂದ ಹೊರಟುಹೋಗುವುದು.

ಗೋಕಾಕದ ಚಿಕ್ಕದೊಂದು ರಿಕ್ರಿಯೇಷನ್ ಕ್ಲಬ್ಬಿನ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಇಸ್ಪೀಟು ಬ್ಯಾಡ್ಮಿಂಟನ್‌ಗಳಿಂದ ತೃಪ್ತರಾಗದ ಕೆಲವು ಸದಸ್ಯರು ಕ್ಲಬ್ಬುಗಳಿಗೆಂದೇ ಇರುವ ಸಿ.ಎಲ್.-4 ಸನ್ನದನ್ನು ಪಡೆಯೋಣವೆಂದು ಸೂಚಿಸಿದಾಗ, ಮೂಡಲಗಿಯ ಹಿರಿಯರೊಬ್ಬರು, "ಫೀ ಎಲ್ಲಾರೂ ಕೊಡೂದು, ಕುಡಿಯಾವ್ರು ನಾಕು ಮಂದಿ, ಇದ್ಯಾವ ಲೆಕ್ಕಾರೀ?" ಎಂದು ಕೇಳಿದರು. ನಮ್ಮ ಸೀಮೆಯು ಮುಂಬಯಿ ರಾಜ್ಯದಲ್ಲಿದ್ದಾಗ, 1949ರ ಪಾನನಿರೋಧ ಶಾಸನದ ಮೇರೆಗೆ ಪರ್ಮಿಟ್ಟನ್ನು ಕುಡಿಯುವವನೇ ತನ್ನ ಹೆಸರಿನಲ್ಲಿ ಪಡೆಯಬೇಕಾಗಿದ್ದುದನ್ನು ಕಂಡವರಿಗೆ ಈ ಪ್ರಶ್ನೆಯು ಸಹಜವೇ ಆಗಿತ್ತು.

ಲೆಕ್ಕವನ್ನು ಬಿಡಿಸಿಯೇ ನೋಡೋಣ. ಸನ್ನದು ಮತ್ತದರ ಸುತ್ತಣ ವೆಚ್ಚಗಳೆಲ್ಲ ಸೇರಿ ವರ್ಷಕ್ಕೆ 6 ಲಕ್ಷ ರೂಪಾಯಿಯೆಂದು ಕಲ್ಪಿಸಿಕೊಂಡರೆ ದಿನಕ್ಕೆ ಸುಮಾರು 1,644 ರೂಪಾಯಿ ಮಾತ್ರವೆಂದು ತೋರುವುದು. ಆದರೆ ಗೋಕಾಕದ ಜಲಪಾತವನ್ನು ನೋಡಬರುವ ಜನವನ್ನೇ ನೆಚ್ಚಿದ ಅಂಗಡಿಗೆ ಮಳೆಗಾಲದ 120 ದಿನಗಳೇ ನಿಜವಾದ ವರ್ಷವಾದುದರಿಂದ ಅದು 5,000 ಆಗುವುದು, ಲಾಭವು ನೂರಕ್ಕೆ 20ರಂತಿದ್ದರೆ ಆ ಭಾರವನ್ನು ತೀರಿಸಲಿಕ್ಕೇ ಪ್ರತಿದಿನ 25,000 ರೂಪಾಯಿಯ ವ್ಯಾಪಾರವಾಗಬೇಕು. ಮೇಲಾಗಿ ಅಬಕಾರಿ ವರ್ಷವು ಜುಲೈ 1ರಂದು ಆರಂಭವಾಗುವುದರಿಂದ ನವೀಕರಣದ ಹಣವನ್ನು ಜೂನ್‌ನೊಳಗೆ ಹೊಂದಿಸಬೇಕಾಗುವುದು. ಕಬ್ಬಿನ ಬಿಲ್ಲನ್ನು ನಂಬಿ ಬದುಕುವ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಬಿತ್ತನೆ, ಗೊಬ್ಬರ, ಮಕ್ಕಳ ಶಾಲೆಯ ಫೀ ಇವೆಲ್ಲ ಒಟ್ಟಿಗೆ ಬಂದೆರಗುವ ತಿಂಗಳೂ ಅದೇ.

ಹುಕ್ಕೇರಿಯಲ್ಲಿ ಖಾನಾವಳಿಯಿಟ್ಟಿರುವ ನನ್ನ ಸೋದರಳಿಯನು ಬಾರ್ ತೆರೆಯುವ ಆಲೋಚನೆಯಿಂದ ಬಂದಾಗ, ಮದ್ಯವು ಜಿ.ಎಸ್.ಟಿ.ಯ ಹೊರಗಿರುವುದರಿಂದ ಅದನ್ನು ಮಾರುವವನಿಗೆ ಕಾಂಪೋಸಿಷನ್ ಪದ್ಧತಿಯ ಸೌಲಭ್ಯವು ತಪ್ಪಿಹೋಗುವುದೆಂದೂ, ಊಟದ ಲೆಕ್ಕವನ್ನು ಸಹ ಇನ್ನು ಸಾಮಾನ್ಯ ನೋಂದಣಿಯ ಕ್ರಮದಲ್ಲಿಯೇ ಇಡಬೇಕಾಗುವುದೆಂದೂ ತಿಳಿಸಿದೆನು. ಈ ವೆಚ್ಚವು ಸನ್ನದಿನ ರಸೀತಿಯಲ್ಲಿ ಕಾಣುವುದಿಲ್ಲ. ಲೆಕ್ಕ ಬರೆಯುವವನ ಸಂಬಳದಲ್ಲಿ ಕಾಣುವುದು.

ನಮ್ಮ ಕ್ಲಬ್ಬಿನ ಪ್ರಶ್ನೆಯನ್ನು ನಾವು ವಾದದಿಂದ ಬಗೆಹರಿಸಲಿಲ್ಲ. ಪಾನಾಪೇಕ್ಷಿಗಳು ವಾರ್ಷಿಕ ಭಾರವನ್ನು ತಮ್ಮೊಳಗೇ ಹಂಚಿಕೊಂಡು ಮೇ ತಿಂಗಳಲ್ಲಿ ಮುಂಗಡವಾಗಿ ಕಟ್ಟತಕ್ಕದ್ದೆಂದೂ, ಉಳಿದವರ ವರ್ಗಣಿಯನ್ನು ಮುಟ್ಟಕೂಡದೆಂದೂ ಠರಾವಾಯಿತು. ಕೂಡಿಬಂದ ಹಣವು ಅರ್ಧಕ್ಕೂ ಸಾಲದಾಗಲು ಅದನ್ನು ಹಿಂದಿರುಗಿಸಿದೆವು. ವರ್ಷಕ್ಕೊಂದೆರಡು ಸಮಾರಂಭಗಳಿಗಷ್ಟೇ ಬೇಕೆನ್ನುವವರಿಗೆ ಸಾಂದರ್ಭಿಕ ಸನ್ನದಾದ ಸಿ.ಎಲ್.-5 ಇದ್ದೇ ಇದೆ. ಬೇಕೆಂದು ಕೈಯೆತ್ತಿದವರೇ ಮುಂಗಡ ಕೊಡಲು ಹಿಂಜರಿಯುವಲ್ಲಿ ವ್ಯಾಪಾರವೂ ಆಗಲಾರದೆಂಬುದನ್ನು, ಇಲಾಖೆಗೆ ಹಣ ಕಟ್ಟುವ ಮೊದಲೇ ಅರಿತುಕೊಳ್ಳುವುದು ಲೇಸು.