ಗಾಜು ಬೆಸೆಯಲು ಕಲಿಯುವ ಮುನ್ನ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಸಂಘಗಳಿಗೆ ಹೊಲಿಗೆ, ಹಪ್ಪಳ, ಹೈನುಗಾರಿಕೆ ಗೊತ್ತಿರುವ ಕಸುಬು. ಹೊಸದೇನಾದರೂ ಕಲಿಯೋಣ ಅನ್ನುವವರಿಗಾಗಿ ಈ ಸಲ ಗಾಜಿನ ತುಂಡುಗಳನ್ನು ಬಿಸಿಯಲ್ಲಿ ಬೆಸೆದು ಪದಕ, ತೂಗುಬಿಲ್ಲೆ ಮಾಡುವ ಕೆಲಸದ ಬಗ್ಗೆ ತಿಳಿಯೋಣ.

ಇದು ನಮಗೆ ತೀರಾ ಹೊರಗಿನದಲ್ಲ. ನಾವು ತೊಡುವ ಗಾಜಿನ ಬಳೆಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದ ಫಿರೋಜಾಬಾದಿನವು. ಅಲ್ಲಿ ಕುಲುಮೆಯಿಂದ ಬಂದ ಬಳೆಗೆ ಒಂದು ಕಡೆ ಬಾಯಿ ತೆರೆದಿರುತ್ತದೆ. ಆ ತುದಿಗಳನ್ನು ಸಣ್ಣ ಉರಿಯಲ್ಲಿ ಮೆತ್ತಗೆ ಮಾಡಿ ಕೂಡಿಸುವವರಲ್ಲಿ ಮನೆಯಲ್ಲೇ ಕೂತು ದುಡಿಯುವ ಹೆಂಗಸರು ಬಹಳ. ಸಾದಾ ಬಳೆಯನ್ನು ತಿರುಗಿಸಿ ನೋಡಿ, ಬೆಸುಗೆಯ ಗುರುತು ಬೆರಳಿಗೆ ಸಿಗುತ್ತೆ. ಎರಡು ತುದಿಯೂ ಒಂದೇ ಗಾಜು, ಅದಕ್ಕೇ ಆ ಬೆಸುಗೆ ನಿಲ್ಲುತ್ತದೆ.

ಹೊಸಬರು ಎಡವುವುದು ಇಲ್ಲೇ. ಒಡೆದ ಬಳೆ, ಬಾಟಲಿ, ಕಿಟಕಿ ಗಾಜು ಎಲ್ಲ ಸೇರಿಸಿ ಕಾಯಿಸಿದರೆ ಅಂಟಿಕೊಳ್ಳುತ್ತವೆ, ಚೆಂದವೂ ಕಾಣುತ್ತವೆ. ಆದರೆ ತಣ್ಣಗಾಗುವಾಗ ಒಂದೊಂದು ಗಾಜು ಒಂದೊಂದು ಅಳತೆಗೆ ಕುಗ್ಗುತ್ತದೆ. ಹೊಲಿಗೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರಿಗೆ ಹಾಕಿ ತೆಗೆಯದ ಕಾಟನ್ ಲೈನಿಂಗ್ ಕೊಟ್ಟು ರವಿಕೆ ಹೊಲಿದರೆ ಮೊದಲ ಒಗೆತಕ್ಕೇ ಸುಕ್ಕಾಗುವುದಿಲ್ಲವೇ? ಗಾಜಿಗೆ ಸುಕ್ಕಾಗಲು ಬರುವುದಿಲ್ಲ, ಸೀಳುತ್ತದೆ. ಅದೂ ಕೆಲವೊಮ್ಮೆ ವಾರ ಕಳೆದ ಮೇಲೆ, ಕೊಂಡವರ ಮನೆಯಲ್ಲಿ! ಆದ್ದರಿಂದ ಮೊದಮೊದಲು ಒಂದೇ ಕಿಟಕಿ ಗಾಜಿನ ಹಾಳೆಯಿಂದ ಕತ್ತರಿಸಿದ ತುಂಡುಗಳನ್ನಷ್ಟೇ ಬಳಸಿ. ಬಳೆಚೂರಿನ ಬಣ್ಣದಲ್ಲಿ ಏನೇನು ಸೇರಿದೆಯೋ ತಿಳಿಯದ ಕಾರಣ ಅದರಿಂದ ಊಟದ ತಟ್ಟೆಯಂತೂ ಬೇಡವೇ ಬೇಡ.

ಗಾಜನ್ನು ತೊಳೆದು ಒರೆಸಿ, ಚಕ್ರದ ಕಟ್ಟರಿನಿಂದ ಒಂದೇ ಸಲ ಗೀರಿ ಮುರಿಯಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ಪುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. 3 ಮಿ.ಮೀ. ಗಾಜಿನ ಎರಡು ಪದರ ಸಾಕು. ಬೆಸೆಯಲು ಕಿಲ್ನ್ ಎನ್ನುವ ವಿದ್ಯುತ್ ಕುಲುಮೆ ಬೇಕು, ಶಾಖವನ್ನು ಹೇಳಿದಲ್ಲಿ ನಿಲ್ಲಿಸುವುದು ಸೌದೆ ಒಲೆಗೆ ಆಗದ ಮಾತು. ನಿಧಾನವಾಗಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ, ಇಳಿಯುವಾಗ 550 ಡಿಗ್ರಿ ಹತ್ತಿರ ಅರ್ಧ ಗಂಟೆಯಿಂದ ಒಂದು ಗಂಟೆ ನಿಲ್ಲಿಸಿ, ಆಮೇಲೆ ಮೆಲ್ಲಗೆ ಆರಲು ಬಿಡಬೇಕು. ಇದಕ್ಕೆ ರಾತ್ರಿಯೆಲ್ಲ ಹಿಡಿಯುತ್ತೆ. ಮುಚ್ಚಳ ತೆಗೆದು ಇಣುಕುವ ಆಸೆ ಎಲ್ಲರಿಗೂ ಇರುತ್ತದೆ. ಕರೆಂಟ್ ಹೋದರೂ ತೆಗೆಯಬೇಡಿ.

ಕಿಲ್ನ್ ಕೊಳ್ಳಲು ಮೊದಲೇ ಸಂಘದ ಸಾಲ ತೆಗೆಯುವುದು ನಮಗಂತೂ ಸರಿ ಕಾಣುವುದಿಲ್ಲ. ಕಿಲ್ನ್ ಇರುವ ಗಾಜಿನ ಅಥವಾ ಸಿರಾಮಿಕ್ ಕೆಲಸದವರಿಗೆ ಬಾಡಿಗೆ ಕೊಟ್ಟು ಐದಾರು ಸಲ ಮಾಡಿ ನೋಡಿ. ಪ್ರತಿ ತುಂಡಿಗೂ ದಿನಾಂಕ, ಯಾವ ಗಾಜು, ಎಷ್ಟು ಡಿಗ್ರಿ ಎಂದು ಚೀಟಿ ಅಂಟಿಸಿ ಒಂದು ತಿಂಗಳು ಇಡಿ. ಸೀಳದೆ ಉಳಿದವೆಷ್ಟು, ಬಿದ್ದ ಖರ್ಚೆಷ್ಟು, ಎಷ್ಟಕ್ಕೆ ಯಾರು ಕೊಳ್ಳುತ್ತಾರೆ ಎಂಬುದೆಲ್ಲ ಸಭೆಯ ಪುಸ್ತಕದಲ್ಲಿ ಬರೆದಾದ ಮೇಲೆ ಸಾಲದ ಮಾತು ತೆಗೆಯಿರಿ.